ಕನ್ನಡಿಯೊಳಗಿನ ನಕ್ಷತ್ರ ಮತ್ತು ನಿಮ್ಮ ಅಮ್ಮನ ಸೀಟು

ಸ್ವಾತಿ, ನಿತಿನ್,

ಮೊನ್ನೆ ಊಟಕ್ಕೆ ಕುಳಿತಾಗ ನೀವಿಬ್ಬರೂ ಸೇರಿ ನಿಮ್ಮ ಬಿಲ್ಡಿಂಗಿನ ಅಜ್ಜಿಯರನ್ನೆಲ್ಲ ತೂಗಿ ನೋಡಿದಿರಿ. ಒಬ್ಬರು ಲಂಡನ್ನಿಗೆ ಹೋಗಿ ಬಂದವರು, ಇನ್ನೊಬ್ಬರು ದುಬೈಗೆ. "ನಮ್ಮ ಅಜ್ಜಿ ಮಾತ್ರ ಫಾರಿನ್ ನೋಡಿಲ್ಲ" ಎಂದು ತೀರ್ಪು ಕೊಟ್ಟು, ಸಾರಿಗೆ ಇನ್ನಷ್ಟು ತುಪ್ಪ ಕೇಳಿದಿರಿ. ನಾನು ತುಪ್ಪ ಬಡಿಸಿದೆ. ಎದುರು ಮಾತಾಡುವ ಅಭ್ಯಾಸ ನನಗಿಲ್ಲ. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನೂ ಪರದೇಶಕ್ಕೆ ಹೋಗಿದ್ದೇನೆ ಮಕ್ಕಳೇ. ಆ ದೇಶದ ಹೆಸರು ಬೊಂಬಾಯಿ. ನೀವು ಅಲ್ಲೇ ಹುಟ್ಟಿದ್ದರಿಂದ ನಿಮಗದು ಊರು. ಐದನೇ ಕ್ಲಾಸಿನವರೆಗೆ ಹಳ್ಳಿ ಶಾಲೆಯಲ್ಲಿ ಓದಿ, ಉಡುಪಿಯ ರಥಬೀದಿಯನ್ನೇ ದೊಡ್ಡ ಪೇಟೆ ಎಂದು ತಿಳಿದಿದ್ದ ನನಗೆ, ಪಾಸ್‌ಪೋರ್ಟ್ ಕೇಳಲಿಲ್ಲ ಎನ್ನುವುದೊಂದನ್ನು ಬಿಟ್ಟರೆ ಅಲ್ಲಿ ಎಲ್ಲವೂ ಪರದೇಶವೇ. ಭಾಷೆ ಬೇರೆ, ಅಕ್ಕಿ ಬೇರೆ, ನೀರು ಬೇರೆ. ನೀರು ಬರುವ ಹೊತ್ತಂತೂ ಮನುಷ್ಯರ ಹೊತ್ತೇ ಅಲ್ಲ. ಎಪ್ಪತ್ತರ ದಶಕ ಶುರುವಾಗಿ ಸ್ವಲ್ಪ ಕಾಲವಾಗಿತ್ತು, ಅಷ್ಟೇ.

ಹೊರಡುವ ಮೊದಲು

ನಿಮ್ಮ ಅಮ್ಮ ವಾಸಂತಿ ಚಿಕ್ಕಂದಿನಿಂದಲೂ ಪ್ರಶ್ನೆ ಕೇಳಿ ಪೆಟ್ಟು ತಿಂದವಳು. ನಿಮ್ಮ ಅಜ್ಜ ತೀರಿಕೊಂಡ ಮೇಲೂ ಎಷ್ಟೋ ದಿನ ನಾನು ಊಟಕ್ಕೆ ಒಂದು ಬಾಳೆಲೆ ಹೆಚ್ಚು ಹಾಕಿಬಿಡುತ್ತಿದ್ದೆ. "ಅಪ್ಪ ಇಲ್ಲ ಅಂತ ನಿಂಗೆ ಗೊತ್ತುಂಟಲ್ಲ ಅಮ್ಮ, ಮತ್ತೆ ನಿನ್ನ ಕೈಗೆ ಯಾಕೆ ಗೊತ್ತಿಲ್ಲ?" ಎಂದು ಕೇಳಿದಳು. ಮನೆಯ ಹಿರಿಯರು ಉತ್ತರವನ್ನು ಅವಳ ಬೆನ್ನಿಗೆ ಕೊಟ್ಟರು. ಅದು ಸಾಕಾಗಲಿಲ್ಲವೆಂದು ಕಾಣುತ್ತದೆ. ಬಿ.ಎ.ಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಳು. ಅದು ಮುಗಿದದ್ದೇ, ಬೊಂಬಾಯಿಯಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕುತ್ತೇನೆ ಎಂದಳು. ಮನಸ್ಸಿಗೂ ಪ್ರಯೋಗಶಾಲೆ ಉಂಟಂತೆ ಎಂದು ಊರೆಲ್ಲ ನಕ್ಕಿತು.

ಆಗ ನಾವು ನನ್ನ ಅಣ್ಣನ ಮನೆಯಲ್ಲಿದ್ದೆವು. ಅಣ್ಣ ಬೇಡವೆನ್ನಲಿಲ್ಲ, ಆದರೆ ಜೊತೆಗೆ ಹೋಗಲು ಅವನಿಗೆ ಪುರುಸೊತ್ತಿರಲಿಲ್ಲ. ಪುರುಸೊತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ. ಶುಭ ಕಾರ್ಯಕ್ಕೆ ಹೊರಟವರ ಎದುರು ಬರಬಾರದೆಂದು ನನ್ನನ್ನು ಒಳಗೆ ಕೂರಿಸುತ್ತಿದ್ದವರು ಈ ಶುಭ ಕಾರ್ಯಕ್ಕೆ ನನ್ನನ್ನೇ ಜೊತೆ ಮಾಡಿ ಕಳಿಸಿದರು. ಶಕುನವೂ ಪಾಪ, ಮನೆಯವರ ಅನುಕೂಲ ನೋಡಿಕೊಂಡೇ ನಡೆಯುತ್ತದೆ.

ಬಸ್ಸಿನ ವಿಷಯ ಹೆಚ್ಚು ಬರೆಯುವುದಿಲ್ಲ. ನನ್ನ ಹೊಟ್ಟೆಯಲ್ಲಿದ್ದದ್ದು ಘಟ್ಟದ ತಿರುವುಗಳಲ್ಲಿ ಉಳಿಯಿತು, ಉಳಿದ ನಾನು ಬೊಂಬಾಯಿ ತಲುಪಿದೆ.

ಕಾಂದಿವಲಿ

ನಿಮ್ಮ ಅಜ್ಜನ ತಮ್ಮ ಶ್ರೀಧರ ಫೋರ್ಟ್ ಎನ್ನುವ ಆಫೀಸುಗಳ ಪೇಟೆಯ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದ. ವಾಸ ಪಟ್ಟಣದ ಹೊರವಲಯದ ಕಾಂದಿವಲಿಯಲ್ಲಿ, ಸಾಲು ಕೋಣೆಗಳ ಒಂದು ಚಾಳಿನಲ್ಲಿ. "ಗಾಳಿ ಬೆಳಕು ಧಾರಾಳ" ಎಂದು ಕಾಗದದಲ್ಲಿ ಬರೆಯುತ್ತಿದ್ದ. ಸುಳ್ಳಲ್ಲ. ಬಾಗಿಲು ತೆರೆದರೆ ಇಡೀ ಚಾಳಿನ ಗಾಳಿ ಒಳಗೆ ಬರುತ್ತಿತ್ತು, ಯಾರ ಮನೆಯಲ್ಲಿ ಒಣಮೀನು, ಯಾರ ಮನೆಯಲ್ಲಿ ಜಗಳ ಎನ್ನುವುದರ ಸಮೇತ. ಇದ್ದದ್ದು ಒಂದೇ ಕೋಣೆ. ನಡುವೆ ಒಂದು ಹಳೆಯ ಸೀರೆ ಇಳಿಬಿಟ್ಟಿದ್ದರು. ಸೀರೆಯ ಈಚೆಗೆ 'ಹಾಲ್', ಆಚೆಗೆ 'ಕಿಚನ್'. ಶ್ರೀಧರನ ಹೆಂಡತಿ ಜಲಜಾ ನಮಗೆ ಮನೆ ತೋರಿಸಲು ಸೀರೆಯನ್ನು ಒಮ್ಮೆ ಸರಿಸಿದಳು. ಮನೆ ನೋಡಿದ್ದಾಯಿತು.

ನಾವು ಕೈಕಾಲು ತೊಳೆಯುವ ಮೊದಲೇ ಶ್ರೀಧರ ವಿಚಾರಣೆ ಶುರುಮಾಡಿದ.

"ಅಲ್ಲ ಅತ್ತಿಗೆ, ಇವಳು ಎಂತ ಕಲೀಲಿಕ್ಕೆ ಹೊರಟದ್ದು? ಮರ್ಲಿನ ಡಾಕ್ಟ್ರಾ?"

"ಹುಚ್ಚಿಗೂ ಇದಕ್ಕೂ ಸಂಬಂಧ ಇಲ್ಲ ಚಿಕ್ಕಪ್ಪ," ಎಂದಳು ನಿಮ್ಮ ಅಮ್ಮ. "ಸರಿ ಇದ್ದವರ ಮನಸ್ಸು ಹೇಗೆ ಕೆಲಸ ಮಾಡ್ತದೆ ಅಂತ ನೋಡುದು."

"ಸರಿ ಇದ್ದವರು ಬೊಂಬಾಯಲ್ಲಿ ಎಲ್ಲಿ ಸಿಗ್ತಾರೆ ನಿಂಗೆ? ಅಂಥವರೆಲ್ಲ ಊರಲ್ಲೇ ಉಳ್ದಿದ್ದಾರೆ."

ತನ್ನ ಮಾತಿಗೆ ತಾನೇ ನಕ್ಕು ಮುಗಿಸಿ ಅವನು ಗಂಭೀರನಾದ. ಅವನ ಹೋಟೆಲಿಗೆ ದಿನಾ ಮಸಾಲೆ ದೋಸೆಗೆ ಬರುವ ಒಬ್ಬ ಸಾಹೇಬರ ಆಫೀಸಿನಲ್ಲಿ ಟೈಪಿಸ್ಟಿನ ಜಾಗ ಖಾಲಿಯಿತ್ತಂತೆ. "ನಾನು ಮಾತು ಕೊಟ್ಟಾಯ್ತು. ಸೀಟು ಸಿಕ್ರೆ ಇಲ್ಲೇ ಇದ್ಕೊಂಡು ಓದು, ನಾನು ಬೇಡ ಹೇಳುದಿಲ್ಲ. ಸಿಗದಿದ್ರೆ ಮರುದಿನದಿಂದ್ಲೇ ಟೈಪಿಂಗು. ವರ್ಷ ವರ್ಷ ಅರ್ಜಿ ಹಾಕ್ತಾ ಕೂರ್ಲಿಕ್ಕೆ ಇದೆಂತ ಲಾಟ್ರಿಯಾ?"

ನಿಮ್ಮ ಅಮ್ಮ ಒಪ್ಪಿದಳು. ಊರಲ್ಲಿ ಟೈಪಿಂಗ್ ಕಲಿತಿದ್ದ ಅವಳ ಬೆರಳುಗಳು ರಾತ್ರಿ ಚಾಪೆಯ ಮೇಲೆ ತಮ್ಮಷ್ಟಕ್ಕೇ ಟೈಪು ಮಾಡುತ್ತಿದ್ದವು. ಅದು ಅಭ್ಯಾಸವೋ ಹೆದರಿಕೆಯೋ ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಅಂಥದ್ದನ್ನೆಲ್ಲ ಕೇಳುವ ಕ್ರಮವಿರಲಿಲ್ಲ.

ಲೋಕಲ್

ಅರ್ಜಿ ಕೊಡಲು ಫೋರ್ಟಿಗೆ ಲೋಕಲ್ ರೈಲಿನಲ್ಲಿ ಹೋದೆವು. ಹೆಂಗಸರ ಡಬ್ಬಿಯಲ್ಲಿ ನನಗೆ ಅದೃಷ್ಟಕ್ಕೆ ಸೀಟು ಸಿಕ್ಕಿತು. ಕುಳಿತದ್ದೇ ತಡ, ನಿಂತಿದ್ದ ಒಬ್ಬಾಕೆ ನಗುತ್ತ "ಕಿಧರ್ ಉತರೇಗಾ?" ಎಂದಳು. ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತಿದ್ದಾಳೆ ಎಂದು ನಿಮ್ಮ ಅಮ್ಮ ಹೇಳಿದಳು. ಪರದೇಶದಲ್ಲೂ ಇಷ್ಟು ಅಕ್ಕರೆಯ ಜನ ಇದ್ದಾರಲ್ಲ ಎಂದು ನನಗೆ ಕಣ್ಣು ತುಂಬಿತು. ಕೊನೆಯ ಸ್ಟೇಷನ್ನಿನಲ್ಲಿ ಎಂದು ನಿಮ್ಮ ಅಮ್ಮ ಹೇಳಿದ ಕೂಡಲೇ ಆ ನಗು ನನ್ನನ್ನು ಬಿಟ್ಟು ಪಕ್ಕದವಳ ಮೇಲೆ ಹೋಗಿ ಕುಳಿತಿತು. ಪಕ್ಕದವಳು ನಡುದಾರಿಯ ಬಾಂದ್ರಾ ಎಂದಳು. ಆಕೆಗೆ ಸಿಕ್ಕಿದ ಪ್ರೀತಿ ನೋಡಬೇಕಿತ್ತು! ಊರಿನಲ್ಲಿ "ಎಲ್ಲಿಗೆ ಹೊರಟದ್ದು?" ಎಂದರೆ ಅದು ನಿಮ್ಮ ಗುಟ್ಟು ತಿಳಿಯಲಿಕ್ಕೆ. ಇಲ್ಲಿ ಗುಟ್ಟು ಯಾರಿಗೂ ಬೇಡ, ಸೀಟು ಸಾಕು. ಯಾವುದು ಹೆಚ್ಚು ಮರ್ಯಾದೆಯ ದೇಶವೋ ನೀವೇ ಹೇಳಿ.

ಫೋರ್ಟ್, ಮೊದಲ ಸಲ

ಯೂನಿವರ್ಸಿಟಿಯಲ್ಲಿ ಮನಸ್ಸನ್ನು ಅಳೆಯುವ ವಿಭಾಗ ಒಂದು ಹಳೆಯ ಕಲ್ಲು ಕಟ್ಟಡದ ಮೇಲಿನ ಮಾಳಿಗೆಯಲ್ಲಿತ್ತು. ಅಳತೆಯ ಉಪಕರಣಗಳು ಗಾಜಿನ ಕಪಾಟಿನಲ್ಲಿದ್ದವು, ಕಪಾಟಿನ ಬೀಗದ ಕೈ ಹೆಡ್ ಕ್ಲಾರ್ಕಿನ ಬಳಿ ಇತ್ತು, ಹೆಡ್ ಕ್ಲಾರ್ಕು ಚಹಾಕ್ಕೆ ಹೋಗಿದ್ದರು. ಹೀಗಾಗಿ ಮನಸ್ಸು ಸದ್ಯಕ್ಕೆ ಕ್ಷೇಮವಾಗಿತ್ತು.

ಅವರು ಬಂದು ಅರ್ಜಿ ನೋಡಿ ಒಂದು ನಿಯಮ ಹೇಳಿದರು. ನಿಮ್ಮ ಅಮ್ಮನ ಕಾಲೇಜಿನಲ್ಲಿ ಪ್ರಯೋಗಶಾಲೆ ಇರಲಿಲ್ಲ, ಇದ್ದದ್ದು ಪುಸ್ತಕ ಮಾತ್ರ. ಅಂಥ ಕಾಲೇಜಿನವರು ಸೀಟು ಬೇಕಾದರೆ ಪರೀಕ್ಷಕರ ಎದುರು ಒಂದು ಪ್ರಯೋಗ ಮಾಡಿ ತೋರಿಸಬೇಕು. ಪ್ರಯೋಗ ಮಾಡಿಸಿಕೊಳ್ಳುವ ಮನುಷ್ಯನನ್ನು ತಾವೇ ಕರೆದುಕೊಂಡು ಬರಬೇಕು. ಆ ಮನುಷ್ಯನಿಗೆ ಅಲ್ಲಿ 'ಸಬ್ಜೆಕ್ಟ್' ಎನ್ನುತ್ತಾರೆ. ನೆಟ್ಟಗೆ ಕೂರಬೇಕು, ಹೇಳಿದ್ದನ್ನು ಮಾಡಬೇಕು, ತಾನಾಗಿ ಏನೂ ಮಾತಾಡಬಾರದು, ಅಕ್ಷರ ಬರೆಯಲು ಕೊಟ್ಟರೆ ಬರೆದು ತೋರಿಸಬೇಕು. ನಮ್ಮಲ್ಲಿ ಇದನ್ನೇ ಹೆಣ್ಣು ನೋಡುವುದು ಎನ್ನುತ್ತಾರೆ. ನನಗೆ ಅನುಭವವಿತ್ತು.

ಬೊಂಬಾಯಿಯಲ್ಲಿ ನಿಮ್ಮ ಅಮ್ಮನಿಗೆ ಗೊತ್ತಿದ್ದವರು ಮೂವರು. ಶ್ರೀಧರನಿಗೆ ಗಲ್ಲೆ, ಜಲಜಾಳಿಗೆ ನಲ್ಲಿಯ ಸರದಿ. ಉಳಿದವಳು ನಾನು. "ಎಂತ ಪ್ರಯೋಗ ಮಗೂ?" ಎಂದರೆ, "ಕೇಳ್ಬೇಡ ಅಮ್ಮ. ನಿಂಗೆ ಮೊದ್ಲೇ ಗೊತ್ತಾದ್ರೆ ಎಲ್ಲ ಕೆಡ್ತದೆ" ಎಂದಳು.

ಅವಳು ಅರ್ಜಿಗೆ ಮೊಹರು ಹಾಕಿಸಲು ಒಳಗೆ ಹೋದಾಗ ನಾನು ಹೊರಗೆ ಬೆಂಚಿನ ಮೇಲಿದ್ದೆ. ವಿಭಾಗದ ಜವಾನ ದಸ್ತಗೀರಸಾಬರು ವಿಜಾಪುರದ ಕಡೆಯವರು. ನಾವು ಮಾತಾಡಿದ್ದು ಕಿವಿಗೆ ಬಿದ್ದು ಹತ್ತಿರ ಬಂದರು.

"ಅವ್ವಾರ, ನೀವು ಕನ್ನಡದವರೇನ್ರಿ? ಭಾಳ ಚಲೋ ಆತು. ಏನ್ ಅಂಜಬ್ಯಾಡ್ರಿ. ಎದುರಿಗೆ ಒಂದ್ ಕನ್ನಡಿ ಇಡ್ತಾರ್ರಿ. ಕಾಗದದ ಮ್ಯಾಲೆ ಒಂದ್ ಚಿಕ್ಕಿ, ನಕ್ಷತ್ರ ಅಂತೀರಲ್ಲ, ಅದು. ಕೈ ಕಾಣದಂಗ ಮರೀ ಮಾಡಿರ್ತಾರ. ಕನ್ನಡಿಯೊಳಗ ನೋಡ್ಕೋತ ಆ ಚಿಕ್ಕಿಯ ಜೋಡಿ ಗೆರಿ ನಡುವ ಪೆನ್ಸಿಲ್ ಎಳೀಬೇಕು, ಅಷ್ಟ. ಗೆರಿ ಮುಟ್ಟಿದ್ರ ತಪ್ಪು. ಆರೇಳು ಸಲ ಬರಸ್ತಾರ."

ನಾನು ತಲೆಯಾಡಿಸಿದೆ. ಗುಟ್ಟನ್ನು ಇಷ್ಟು ಪ್ರೀತಿಯಿಂದ ಬಿಟ್ಟುಕೊಡುವವರ ಎದುರು ಬೇಡವೆನ್ನುವುದು ಹೇಗೆ?

ಮತ್ತೆ ಕಾಂದಿವಲಿ, ಮಧ್ಯಾಹ್ನಗಳು

ಓದದೆ ಹೋದರೇ ಪಾಸಾಗುವ ಪರೀಕ್ಷೆಯನ್ನು ನಾನು ಎಲ್ಲೂ ಕೇಳಿರಲಿಲ್ಲ. ಮಗಳಿಗೆ ಏನೋ ಸಂಕೋಚ, ಅಮ್ಮನಿಗೆ ಕಷ್ಟ ಕೊಡಬಾರದೆಂದು ಹೇಳುತ್ತಿಲ್ಲ ಎಂದುಕೊಂಡೆ. ಅವಳು ಮಧ್ಯಾಹ್ನ ಲೈಬ್ರರಿಗೆ ಹೋದ ಮೇಲೆ ಜಲಜಾಳಿಗೆ ವಿಷಯ ಹೇಳಿದೆ.

"ಅಯ್ಯೋ ಅಕ್ಕ, ಇಷ್ಟೇಯಾ? ನಾವು ಮಾಡುವಾ. ನಿಮ್ಮ ಕೈ ನಡುಗಿದ್ರೆ ಮಗಳ ಮಾರ್ಕು ಹೋಗ್ತದಲ್ಲ!"

ಶ್ರೀಧರ ಗಡ್ಡ ಬೋಳಿಸುವ ಕನ್ನಡಿಯನ್ನು ಅಕ್ಕಿ ಹಿಟ್ಟಿನ ಡಬ್ಬಿಗೆ ಒರಗಿಸಿದೆವು. ಜಲಜಾ ಊಟದ ತಟ್ಟೆಯನ್ನು ಅಡ್ಡ ಹಿಡಿದು ನನ್ನ ಕೈ ಮರೆಮಾಡಿದಳು. ಕಾಗದದ ಮೇಲೆ ಜೋಡಿ ಗೆರೆಯ ನಕ್ಷತ್ರ ಹಾಕಬೇಕಿತ್ತು. ಪೆನ್ಸಿಲನ್ನು ಅವಳು ನನ್ನ ಕಡೆ ಚಾಚಿದಳು. ನಿಮ್ಮ ಅಜ್ಜ ಹೋದ ಮೇಲೆ ನಾನು ರಂಗೋಲಿಯ ಒಂದು ಎಳೆಯನ್ನೂ ಎಳೆದಿರಲಿಲ್ಲ. ಆದರೆ ಪೆನ್ಸಿಲು ರಂಗೋಲಿ ಹುಡಿಯಲ್ಲ, ಜಲಜಾಳ ಕಿಚನ್ನು ಅಂಗಳವೂ ಅಲ್ಲ. ಶಾಸ್ತ್ರದಲ್ಲಿ ಇದಕ್ಕೆ ಅಡ್ಡಿ ಬರೆದಿರಲಾರದು ಎಂದು ಎಳೆದೆ.

ಮೊದಲ ದಿನದ ಕತೆ ಹೇಳುವುದೇ ಬೇಡ. ಕೈಯನ್ನು ಮುಂದಕ್ಕೆ ದೂಡಿದರೆ ಕನ್ನಡಿಯಲ್ಲಿ ಅದು ನನ್ನ ಕಡೆಗೇ ಬರುತ್ತಿತ್ತು. ನಕ್ಷತ್ರದ ಒಂದು ಮೂಲೆ ತಿರುಗಿಸಲು ನಾನು ಪಟ್ಟ ಪಾಡು ನೋಡಿ ಜಲಜಾ ನಕ್ಕು ನಕ್ಕು ತಟ್ಟೆ ಬೀಳಿಸಿದಳು. "ನೀನು ಮಾಡು ನೋಡುವಾ," ಎಂದೆ. ಅವಳ ಪೆನ್ಸಿಲು ಕಾಗದ ಬಿಟ್ಟು ಡಬ್ಬಿಯ ಮೇಲೆ ಏರಿತು. ಆಮೇಲೆ ಇಬ್ಬರಿಗೂ ಹಟ ಬಂತು. ದಿನಾ ಮಧ್ಯಾಹ್ನ ಪಾತ್ರೆ ತೊಳೆದದ್ದೇ ಕನ್ನಡಿ ಇಳಿಸುವುದು, ಸರದಿಯ ಮೇಲೆ ಬರೆಯುವುದು, ಯಾರು ಗೆರೆ ಮುಟ್ಟಿದ್ದು ಎಂದು ಜಗಳವಾಡುವುದು. ಅದಕ್ಕೂ ಮೊದಲು ಅಷ್ಟು ನಕ್ಕದ್ದು ನನಗೆ ನೆನಪಿಲ್ಲ. ಒಂದು ದಿನ ಶ್ರೀಧರ ಗಡ್ಡಕ್ಕೆ ಕುಳಿತವನು ಕೂಗಿದ:

"ನನ್ನ ಕನ್ನಡಿಗೆ ಅಕ್ಕಿ ಹಿಟ್ಟು ಹಚ್ಚಿದ್ದು ಯಾರು? ನಂಗೆ ಇವತ್ತೇ ತಲೆ ಬೆಳ್ಳಗಾದ ಹಾಗೆ ಕಾಣ್ತದೆ!"

"ವಯಸ್ಸಾಯ್ತಲ್ಲ, ಹಾಗೇ ಕಾಣುದು," ಎಂದಳು ಜಲಜಾ, ಸೀರೆಯ ಆಚೆಯಿಂದ.

ಕೊನೆಗೆ ಒಂದು ಗೆರೆಯನ್ನೂ ಮುಟ್ಟದೆ, ಊರಿನಲ್ಲಿ ಅಂಗಳ ಸುತ್ತುವಷ್ಟು ಸಲೀಸಾಗಿ ನಾನು ನಕ್ಷತ್ರ ಸುತ್ತಿ ಬರತೊಡಗಿದೆ. ಮಗಳ ಸೀಟು ನನ್ನ ಕೈಯಲ್ಲಿ ಭದ್ರವಾಗಿದೆ ಎಂದುಕೊಂಡೆ.

ಫೋರ್ಟ್, ಪರೀಕ್ಷೆಯ ದಿನ

ಕೋಣೆಯ ತುಂಬ ಮೇಜುಗಳು. ಪ್ರತಿ ಮೇಜಿನ ಈಚೆಗೆ ಒಬ್ಬ ಅಭ್ಯರ್ಥಿ, ಆಚೆಗೆ ಒಬ್ಬ ಸಬ್ಜೆಕ್ಟ್. ಉಳಿದವರೆಲ್ಲ ಇಂಗ್ಲಿಷ್ ಮಾತಾಡುವ ಗೆಳತಿಯರನ್ನೋ ಟೈ ಕಟ್ಟಿದ ಅಣ್ಣಂದಿರನ್ನೋ ತಂದಿದ್ದರು. ತಲೆಯ ಮೇಲೆ ಸೆರಗು ಹೊದ್ದ ಸಬ್ಜೆಕ್ಟ್ ನಾನೊಬ್ಬಳೇ.

"ದಯವಿಟ್ಟು ಆರಾಮವಾಗಿ ಕುಳಿತುಕೊಳ್ಳಿ," ಎಂದಳು ನಿಮ್ಮ ಅಮ್ಮ. ಯಾರಿಗೆ ಎಂದು ಹಿಂದೆ ತಿರುಗಿ ನೋಡಿದೆ. ನನಗೇ. ಹೆತ್ತ ಮಗಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಪ್ರಯೋಗದ ನಿಯಮವಂತೆ. ವಿಜ್ಞಾನಕ್ಕೆ ಹೆತ್ತವರ ಮೇಲೆ ಇಷ್ಟು ಮರ್ಯಾದೆ ಇದೆ ಎಂದು ತಿಳಿದಿದ್ದರೆ ಅವಳನ್ನು ಮೊದಲೇ ವಿಜ್ಞಾನಕ್ಕೆ ಸೇರಿಸುತ್ತಿದ್ದೆ.

ಅವಳು ಕನ್ನಡಿ, ನಕ್ಷತ್ರ, ಗೆರೆ ಎಲ್ಲವನ್ನೂ ವಿವರಿಸಿದಳು. ನಾನು ಏನೂ ತಿಳಿಯದವಳಂತೆ ಕೇಳಿಸಿಕೊಂಡೆ. "ಶುರು ಮಾಡಿ," ಎಂದು ಗಡಿಯಾರ ಒತ್ತಿದಳು.

ಕಾಂದಿವಲಿಗಿಂತ ಇಲ್ಲಿ ಸುಲಭ. ಮೇಜು ಅಲುಗುತ್ತಿರಲಿಲ್ಲ, ತಟ್ಟೆ ಬೀಳುತ್ತಿರಲಿಲ್ಲ. ಒಂದೇ ಉಸಿರಿಗೆ ಸುತ್ತಿ ಬಂದು ಪೆನ್ಸಿಲು ಕೆಳಗಿಟ್ಟು, ಹೊಗಳಿಕೆಗಾಗಿ ತಲೆಯೆತ್ತಿದೆ. ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದು ಗೊತ್ತಾದವರ ಮುಖ ಹೇಗಿರುತ್ತದೋ, ನಿಮ್ಮ ಅಮ್ಮನ ಮುಖ ಹಾಗಿತ್ತು.

ಆ ಪ್ರಯೋಗದ ಸಂಗತಿ ನನಗೆ ತಿಳಿದದ್ದು ಆಮೇಲೆ. ಹೊಸಬರು ಮೊದಲು ತಡವರಿಸಬೇಕು, ಸಲದಿಂದ ಸಲಕ್ಕೆ ಕಲಿಯುತ್ತ ಹೋಗಬೇಕು. ಆ ಕಲಿಯುವಿಕೆಯನ್ನು ಅಳೆಯುವುದೇ ಪ್ರಯೋಗ. ನಾನು ಮನೆಯಿಂದಲೇ ಕಲಿತು ಮುಗಿಸಿಕೊಂಡು ಬಂದಿದ್ದೆ. ಮದುವೆ ಮನೆಗೆ ಊಟ ಮಾಡಿಕೊಂಡು ಹೋಗಿ, ಬಡಿಸಲು ನಿಂತವರ ಎದುರು ಕೈ ಅಡ್ಡ ಹಿಡಿದ ಹಾಗೆ.

ಆಗ ನನಗೆ ಗೊತ್ತಾದದ್ದು ಇಷ್ಟೇ: ಚೆನ್ನಾಗಿ ಬರೆದದ್ದು ತಪ್ಪಾಗಿದೆ. ಸರಿ, ಕೆಡಿಸೋಣ ಎಂದು ಎರಡನೆಯ ಸಲ ಎರಡು ಕಡೆ ಗೆರೆ ಮುಟ್ಟಿದೆ. ಅವಳ ಮುಖ ಇನ್ನೂ ಇಳಿಯಿತು. ಮೂರನೆಯ ಸಲ ಇನ್ನಷ್ಟು ಕೆಡಿಸಿದೆ. ಕೊನೆಯ ಸಲವಂತೂ ನನ್ನ ಪೆನ್ಸಿಲು ನಕ್ಷತ್ರ ಬಿಟ್ಟು, ಕಾಗದ ಬಿಟ್ಟು, ಮೇಜಿನ ಮೇಲೆ ಏಡಿಯ ಹಾಗೆ ನಡೆಯಿತು. ಇಷ್ಟು ಶ್ರಮಪಟ್ಟು ನಾನು ಸಾಧಿಸಿದ್ದೇನೆಂದರೆ, ಬರೆದಷ್ಟೂ ಮರೆಯುವ ಮನುಷ್ಯರೂ ಇದ್ದಾರೆ ಎಂದು ಅಂಕಿ ಸಮೇತ ತೋರಿಸಿಕೊಟ್ಟದ್ದು.

ನೀರು ಕೊಡಲು ಬಂದ ದಸ್ತಗೀರಸಾಬರು ಹಾಳೆಯ ಕಡೆ ಕಣ್ಣು ಹಾಯಿಸಿ ಮೆಲ್ಲಗೆ ಅಂದರು: "ಅಕ್ಕಾರ, ಬುಕ್ಕಿನ್ಯಾಗ ಹೆಂಗೈತಿ ಹಂಗ ಬರದಬಿಡ್ರಿ. ಎಲ್ಲಾರೂ ಅದನ್ನ ಮಾಡ್ತಾರ. ಯಾರ್ ಕೇಳ್ತಾರ?"

ನಿಮ್ಮ ಅಮ್ಮನಿಗೆ ಪುಸ್ತಕ ಬಾಯಿಪಾಠ. ರಬ್ಬರೂ ಕೈ ಹತ್ತಿರವೇ ಇತ್ತು. ಅದನ್ನು ಎತ್ತಿಕೊಂಡಳು. ಹಾಳೆಯ ಮೇಲೆ ಹಿಡಿದು ತುಂಬ ಹೊತ್ತು ಕುಳಿತಳು. ಬೆರಳುಗಳು ಆ ರಾತ್ರಿಯ ಹಾಗೇ ಆಡುತ್ತಿದ್ದವು. ಆಮೇಲೆ ರಬ್ಬರನ್ನು ಮೇಜಿನ ಆಚೆಗೆ ಸರಿಸಿ ಇನ್ನೊಂದು ಹಾಳೆ ತೆಗೆದಳು. ಪ್ರಯೋಗ ಮುಗಿದ ಮೇಲೆ, ಕುಳಿತವರ ಮನಸ್ಸಿನಲ್ಲಿ ಏನೇನಾಯಿತು ಎಂದು ಕೇಳಿ ಅವರ ಮಾತಿನಲ್ಲೇ ಬರೆಯುವ ಕ್ರಮ ಅಲ್ಲಿದೆ. ಅದಕ್ಕೇ ಆ ಹಾಳೆ.

"ಮೊದಲ ಸಲ ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಏನಾಯಿತು, ಹೇಳಿ."

"ಎಂತ ಇಲ್ಲ."

"ಎರಡನೇ ಸಲ?"

"ಎಂತ ಇಲ್ಲ ಮಾರಾಯ್ತಿ. ಬರೆದೆ, ಅಷ್ಟೇ."

"ಅಮ್ಮ." ಸ್ವರ ತಗ್ಗಿತು, ಬಹುವಚನ ಹೋಯಿತು. "ನೀನು ಹೇಳದಿದ್ರೆ ನಂಗೆ ಬರೀಲಿಕ್ಕೆ ಎಂತದೂ ಇಲ್ಲ. ಸುಳ್ಳು ಬರೀಬೇಕು, ಇಲ್ದಿದ್ರೆ ಎದ್ದು ಹೋಗ್ಬೇಕು. ನಿಂಗೆ ಎಂತ ಆಯ್ತು ಹೇಳು."

ಮಕ್ಕಳೇ, ಆ ಪ್ರಶ್ನೆಯನ್ನು ಅದುವರೆಗೆ ನನಗೆ ಯಾರೂ ಕೇಳಿರಲಿಲ್ಲ. ಮದುವೆ ಗೊತ್ತುಮಾಡಿದವರು ಕೇಳಲಿಲ್ಲ, ಕುಂಕುಮ ಅಳಿಸಿದವರು ಕೇಳಲಿಲ್ಲ. ಕೇಳಿದ್ದರೂ ಎಂತ ಇಲ್ಲ ಎಂದೇ ಹೇಳುತ್ತಿದ್ದೆ. ನಮ್ಮ ಕಡೆ ಒಳ್ಳೆಯ ಹೆಂಗಸು ಎಂದರೆ ಮನಸ್ಸಿನಲ್ಲಿ ಏನೂ ಆಗದವಳು. ಈ ಪರದೇಶದಲ್ಲಿ ಮಾತ್ರ ಅದಕ್ಕೆಂದೇ ಗೆರೆ ಎಳೆದ ಹಾಳೆ ಅಚ್ಚು ಹಾಕಿಸಿ ಇಟ್ಟಿದ್ದರು.

ಹೇಳಿದೆ. ಮೊದಲು ಸೆರಗಿನೊಳಗೆ, ಆಮೇಲೆ ಸ್ವಲ್ಪ ಗಟ್ಟಿಯಾಗಿ. ಜಲಜಾಳ ತಟ್ಟೆ, ಶ್ರೀಧರನ ಕನ್ನಡಿ, ನಾವು ನಕ್ಕದ್ದು. ಎಷ್ಟೋ ವರ್ಷದ ಮೇಲೆ ಕೈಗೆ ಒಂದು ಎಳೆ ಸಿಕ್ಕಿದಾಗ ಬಿಡಲು ಮನಸ್ಸು ಬಾರದ್ದು. ಅವಳ ಮುಖ ನೋಡಿ ಹೆದರಿ ಬೇಕೆಂದೇ ಕೆಡಿಸಿದ್ದು. "ಬರೆಯುವುದಕ್ಕಿಂತ ಕೆಡಿಸುದೇ ಕಷ್ಟ ಆಯ್ತು ಮಗೂ. ಕಲಿತ ಕೈ ನನ್ನ ಮಾತು ಕೇಳುದಿಲ್ಲ. ಸರಿ ದಾರಿಗೇ ಹೋಗ್ತದೆ. ಹಿಡಿದು ಎಳೆದು ತಪ್ಪಿಸಬೇಕಾಯ್ತು."

ಅವಳು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು, ಮತ್ತೆ ಬರೆದಳು. ಗೆರೆಗಳು ಮುಗಿದವು. ಹಾಳೆ ತಿರುಗಿಸಿ ಬರೆದಳು.

ಪರೀಕ್ಷಕಿ ಒಬ್ಬರು ಮರಾಠಿ ಪ್ರೊಫೆಸರ್ ಬಾಯಿ, ಅಲ್ಲಿ ದೊಡ್ಡ ಹೆಂಗಸರನ್ನು ಹಾಗೇ ಕರೆಯುವುದು. ಮುಖ ನೋಡಿದರೆ ಹುಟ್ಟಿದಾಗಿನಿಂದ ಯಾರಿಗೂ ಪಾಸು ಕೊಟ್ಟವರ ಹಾಗೆ ಕಾಣಲಿಲ್ಲ. ನಮ್ಮಿಬ್ಬರನ್ನೂ ಎದುರು ನಿಲ್ಲಿಸಿ ಎಲ್ಲವನ್ನೂ ಓದಿದರು. ಇಂಗ್ಲಿಷಿನಲ್ಲಿ ನಡೆದ ಮಾತನ್ನು ನಿಮ್ಮ ಅಮ್ಮ ನನಗೆ ಆಮೇಲೆ ಹೇಳಿದಳು.

"ಇದು ನಿನ್ನ ಪ್ರಯೋಗವೋ, ನಿನ್ನ ತಾಯಿಯ ಪ್ರಯೋಗವೋ?"

"ತಾಯಿಯದು. ನನ್ನದು ಮೊದಲ ನಕ್ಷತ್ರದಲ್ಲೇ ಕೆಟ್ಟಿತು."

"ಅಂಕಿಗಳನ್ನು ಹಾಗೇ ಯಾಕೆ ಬಿಟ್ಟೆ?"

"ಆದದ್ದು ಹಾಗೇ."

"ಸೀಟು ಕೊಟ್ಟರೆ ಮೊದಲು ಏನು ಮಾಡುತ್ತೀ?"

"ಅಮ್ಮನನ್ನು ಊರಿಗೆ ಕಳಿಸುತ್ತೇನೆ. ಆಮೇಲೆ, ಕಲಿತ ಕೈಗೆ ತಪ್ಪು ಮಾಡುವುದು ಯಾಕೆ ಇಷ್ಟು ಕಷ್ಟ ಎಂದು ನೋಡುತ್ತೇನೆ."

ಬಾಯಿ ನಗಲಿಲ್ಲ. ದಸ್ತಗೀರಸಾಬರನ್ನು ಕರೆದು ನನ್ನ ಕಡೆ ಕೈ ತೋರಿಸಿದರು.

"ಬಾಯಾರ ಕೇಳಾಕತ್ತಾರ್ರಿ ಅವ್ವಾರ, ಕೆಡಸೂದು ಖರೇನ ಅಷ್ಟು ಕಷ್ಟ ಆತೇನ್ರಿ?"

"ಹೌದು," ಎಂದೆ. ಪರದೇಶದ ಅಪರಿಚಿತರಿಗೆ ನಾನು ಹೇಳಿದ ಮಾತು ಇದೊಂದೇ. ಬಾಯಿ ಅದನ್ನೂ ಹಾಳೆಯ ಮೂಲೆಯಲ್ಲಿ ಬರೆದುಕೊಂಡರು.

ಹೋಟೆಲಿನಲ್ಲಿ

ಫಲಿತಾಂಶದ ದಿನ ನಾವು ಶ್ರೀಧರನ ಹೋಟೆಲಿನಲ್ಲಿ ಕಾದು ಕುಳಿತಿದ್ದೆವು. ಗಲ್ಲೆಯ ಹತ್ತಿರದ ಮೇಜಿನಲ್ಲಿ ಟೈಪಿಸ್ಟ್ ಬೇಕಿದ್ದ ಆ ಸಾಹೇಬರು ಮಸಾಲೆ ದೋಸೆ ಮುಗಿಸಿ, ನಿಮ್ಮ ಅಮ್ಮನ ಬೆರಳುಗಳನ್ನು ಕೊಳ್ಳುವವರ ಹಾಗೆ ನೋಡುತ್ತಿದ್ದರು. ಬೋರ್ಡಿನಲ್ಲಿ ಹೆಸರು ಹಾಕಿದ್ದನ್ನು ನೋಡಿಕೊಂಡು ದಸ್ತಗೀರಸಾಬರು ಬಾಗಿಲಲ್ಲೇ ಕೂಗಿದರು: "ಅಕ್ಕಾರ, ಆತ್ರಿ! ಎಲ್ಲಾರಕಿಂತ ಕೆಳಗೈತಿ, ಆದ್ರ ಐತಿ!"

ನಿಮ್ಮ ಅಮ್ಮ ಮೇಜಿನ ಕೆಳಗೆ ನನ್ನ ಬಲಗೈ ಹಿಡಿದುಕೊಂಡಳು. ಶ್ರೀಧರ ಮಾತ್ರ ಗಿರಾಕಿಗಳಿಗೆಲ್ಲ ಕೇಳುವ ಹಾಗೆ, "ನಮ್ಮ ಅಣ್ಣನ ಮಗಳು! ನಮ್ಮ ಮನೆ ಕನ್ನಡಿಯಲ್ಲೇ ಪ್ರಾಕ್ಟೀಸು!" ಎಂದ. ಪ್ರಾಕ್ಟೀಸಿನಿಂದಲೇ ಸೀಟು ಹೋಗುವುದರಲ್ಲಿತ್ತು ಎಂದು ತಿದ್ದಲು ಯಾರಿಗೂ ಮನಸ್ಸಾಗಲಿಲ್ಲ. ಸಾಹೇಬರು ಮರುದಿನದಿಂದ ಬೇರೆ ಹೋಟೆಲಿಗೆ ಹೋದರಂತೆ. ವಿದ್ಯೆಗಾಗಿ ನಮ್ಮ ಕುಟುಂಬ ಮಾಡಿದ ತ್ಯಾಗ ಅದು.

ಮಾತು ಕೊಟ್ಟಂತೆ ನಿಮ್ಮ ಅಮ್ಮ ನನ್ನನ್ನು ಊರಿಗೆ ಕಳಿಸಿದಳು. ಬಸ್ಸು ಹತ್ತಿಸುವಾಗ, "ಹೋಗಿ ಕಾಗದ ಬರಿ. ಎಂತ ಇಲ್ಲ ಅಂತ ಬರೀಬೇಡ," ಎಂದಳು. ಒಬ್ಬಳೇ ಘಟ್ಟ ಇಳಿದೆ. ಈ ಸಲ ತಿರುವುಗಳಲ್ಲಿ ಕಿಟಕಿಯ ಹೊರಗೆ ನೋಡುತ್ತ ಬಂದೆ.

ನಾನು ಆ ದಿನ ಹೇಳಿದ್ದನ್ನು ನಿಮ್ಮ ಅಮ್ಮ ಇಂಗ್ಲಿಷಿನಲ್ಲಿ ಬರೆದು ಒಪ್ಪಿಸಿದಳು. ಆ ಹಾಳೆ ಈಗ ಎಲ್ಲಿದೆಯೋ. ವಿಭಾಗದವರು ರದ್ದಿಗೆ ಹಾಕಿರಬೇಕು. ಯಾವುದೋ ಸಂಜೆ ಚೌಪಾಟಿಯ ಕಡಲ ದಂಡೆಯಲ್ಲಿ ಭೇಲ್ ಪುರಿ ಕಟ್ಟಿದ ಪೊಟ್ಟಣವಾಗಿ, ಯಾರೋ ತಿಂದು ಬಿಸಾಡಿರಬಹುದು. ಹಾಗಾಗಿ ಇದನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದ್ದೇನೆ. ಓದಲು ನಿಮಗೆ ಹೊತ್ತು ಹಿಡಿಯುತ್ತದೆ, ಹಿಡಿಯಲಿ. ನಿಮ್ಮ ಅಮ್ಮ ಕೇಳಿದರೆ ದೂರದಿಂದ ತೋರಿಸಿ, ಕೈಗೆ ಕೊಡಬೇಡಿ. ಪ್ರೊಫೆಸರಾದ ಮೇಲೆ ಅವಳಿಗೆ ಎಲ್ಲವನ್ನೂ ತಿದ್ದುವ ಚಟ. ರದ್ದಿಯವನು ಬಂದ ದಿನ ಮಾತ್ರ ಕಪಾಟಿನ ಮೇಲೆ ಒಂದು ಕಣ್ಣಿಡಿ. ನನ್ನ ಮನಸ್ಸಿನಲ್ಲಿ ಏನಾಯಿತು ಎನ್ನುವುದು ಈಗ ಈ ಹಾಳೆಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ. ಜೋಪಾನ.